ಲಿಂಟಲ್ ಕೆಳಗಿನ ಹಳೇ ದಾರಂದ

ಪೈವಳಿಕೆಯಲ್ಲಿ ನಾವು ಹೊಸ ಮನೆ ಕಟ್ಟಿಸುತ್ತಿದ್ದ ವರ್ಷ ಸಿಕ್ಕಿದವರೆಲ್ಲ ನನ್ನನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಟೀಚರೇ, ಲಿಂಟಲ್ ಆಯ್ತಾ?” ಹೊಸಂಗಡಿಯ ಬಸ್ಸಿನಲ್ಲಿ ಕೇಳುತ್ತಿದ್ದರು, ಮದುವೆಯೂಟದ ಪಂಕ್ತಿಯಲ್ಲಿ ಕೇಳುತ್ತಿದ್ದರು. ಗೋಡೆ ಬಾಗಿಲಿನ ಎತ್ತರಕ್ಕೆ ಬಂತೇ ಎಂದು ಅದರ ಅರ್ಥ. ಇಂಗ್ಲಿಷ್ ಕಲಿಸಿಯೇ ನಿವೃತ್ತಳಾದವಳು ನಾನು. ಆದರೂ ಆಗಲಿಲ್ಲ, ಆಗುತ್ತಾ ಬಂತು ಎಂದು ಹೇಳಿದ್ದಲ್ಲದೆ ಆ ಶಬ್ದವನ್ನು ನಿಘಂಟಿನಲ್ಲಿ ನೋಡಲು ಹೋದವಳಲ್ಲ.

ನೋಡುವಂತೆ ಮಾಡಿದ್ದು ನನ್ನ ಅತ್ತೆ, ಗಂಡನ ತಾಯಿ. ಅವರಿಗೆ ಕಣ್ಣು ಬಹುತೇಕ ಹೋಗಿದೆ. ಹಳೆಯ ಮನೆಯಲ್ಲಿ ಅದು ಹೊರಗಿನವರಿಗೆ ಗೊತ್ತೇ ಆಗುತ್ತಿರಲಿಲ್ಲ. ಚಾವಡಿಯಿಂದ ಒಳಗೆ ಹೋಗುವಲ್ಲಿ ಹಲಸಿನ ಮರದ ದಾರಂದ ಇತ್ತು. ಬಾಗಿಲು ಕೂರಿಸುವ ಆ ಚೌಕಟ್ಟು ಬಗ್ಗದೆ ಒಳಗೆ ಹೋಗಲಾಗದಷ್ಟು ಗಿಡ್ಡ. ಮದುವೆಯಾಗಿ ಬಂದ ದಿನವೇ ನನ್ನ ಹಣೆ ಅದಕ್ಕೆ ಬಡಿದು, “ಬಗ್ಗಲಿಕ್ಕೆ ಕಲಿ ಮಾರಾಯ್ತಿ” ಎಂದು ಅತ್ತೆಯಿಂದ ಹೇಳಿಸಿಕೊಂಡಿದ್ದೆ. ನೋವಿಗಿಂತ ಆ ಮಾತಿಗೇ ಮೈ ಉರಿದಿತ್ತು. ಅತ್ತೆ ಮಾತ್ರ ಕೈ ಎತ್ತಿ ಮೇಲಿನ ಮರ ಮುಟ್ಟಿ, ಬಗ್ಗಿ, ಹೊಸ್ತಿಲು ದಾಟಿದರೆಂದರೆ ಅಡುಗೆಮನೆ, ಬಚ್ಚಲು, ದೇವರ ಕೋಣೆ ಎಲ್ಲಕ್ಕೂ ಅಲ್ಲಿಂದಲೇ ದಾರಿ ಹಿಡಿಯುತ್ತಿದ್ದರು.

ಆ ಮನೆ ಕೆಡವಿ ಬಾಡಿಗೆ ಮನೆಗೆ ಹೋದ ಮೇಲೆ ಅತ್ತೆ ನನ್ನ ಮುಂಗೈ ಬಿಡಲಿಲ್ಲ. ಬಚ್ಚಲಿಗೂ ನಾನೇ, ಅಂಗಳಕ್ಕೂ ನಾನೇ. ಒಂದು ಕ್ಷಣವೂ ಕೂತವರಲ್ಲ, ಈಗ ದಿನವಿಡೀ ಕುರ್ಚಿಯಲ್ಲೇ ಕೂತಿರುತ್ತಿದ್ದರು. ಹೊಸ ಮನೆಯ ಕೋಣೆಗಳನ್ನು ಹಳೆಯ ಕ್ರಮದಲ್ಲೇ ಇಡಿಸಿದ್ದೇವೆ ಎಂದು ಸಮಾಧಾನ ಹೇಳಿದೆ. ಹಾಗಾದರೆ ಬಿಚ್ಚಿ ತೆಗೆದಿಟ್ಟ ಆ ದಾರಂದವೂ ಅಲ್ಲಿ ಬೇಕು, ಇಲ್ಲದಿದ್ದರೆ ಅಲ್ಲಿಯೂ ತನಗೆ ಕುರ್ಚಿಯೇ ಗತಿ ಎಂದರು.

ಎಂಜಿನಿಯರ್ ಕುಂಜತ್ತೂರಿನವನು, ನನ್ನ ಹಳೆಯ ವಿದ್ಯಾರ್ಥಿ. ಕೇಳಿದ ಕೂಡಲೇ ಆಗುವುದಿಲ್ಲವೆಂದ. ಲಿಂಟಲ್ ಎಲ್ಲ ಗೋಡೆಗಳ ಮೇಲೂ ಒಂದೇ ಮಟ್ಟದಲ್ಲಿ ಹೋಗಬೇಕಂತೆ, ಒಂದು ಬಾಗಿಲಿಗೆಂದು ನಡುವೆ ತಗ್ಗಿಸುವಂತಿಲ್ಲವಂತೆ. ಆ ಸಂಜೆ ಸಿಟ್ಟಿನಲ್ಲೇ ನಿಘಂಟು ತೆಗೆದೆ. ಬಾಗಿಲು, ಕಿಟಕಿಗಳ ತೆರಪಿನ ಮೇಲೆ ಅಡ್ಡಲಾಗಿ ಕೂತು ಮೇಲಿನ ಗೋಡೆಯ ಭಾರ ಹೊರುವ ತೊಲೆ ಎಂದಿತ್ತು. ಮತ್ತೊಮ್ಮೆ ಓದಿದೆ. ಭಾರವನ್ನೆಲ್ಲ ಹೊರುವುದು ಅದಾದರೆ, ಅದರ ಕೆಳಗೆ ನಿಲ್ಲುವ ದಾರಂದಕ್ಕೆ ಹೊರಲು ಏನೂ ಇಲ್ಲ. ಅದು ಗಿಡ್ಡವಾದರೆ ಗೋಡೆಗೇನು ನಷ್ಟ?

ಮರುದಿನ ಅವನನ್ನೇ ಕೇಳಿದೆ. “ಲಿಂಟಲ್ ನಿನ್ನ ಲೆವೆಲಿನಲ್ಲೇ ಇರಲಿ. ಅದರ ಕೆಳಗೆ ನಮ್ಮ ದಾರಂದ ಇಟ್ಟರೆ ಎಂತ ತೊಂದರೆ ಉಂಟು?”

ಅವನು ಬಾಗಿಲಿನ ತೆರಪನ್ನು ಅಳೆದು ನೋಡಿದ. “ತೊಂದರೆ ಎಂತ ಇಲ್ಲ ಟೀಚರೇ. ನೀವು ಲಿಂಟಲನ್ನೇ ತಗ್ಗಿಸ್ಲಿಕ್ಕೆ ಹೇಳುದು ಅಂತ ನಾನು ಎಣಿಸಿದೆ. ನಡುವೆ ಗಾಳಿಗೆ ಕಿಂಡಿ ಬಿಡುವ. ಆದ್ರೆ ಬಂದವರ ತಲೆ ತಾಗ್ತದೆ.”

ತಾಗಲಿ ಎಂದೆ.

ಹೊಸ ಮನೆಯ ಒಕ್ಕಲಿನ ದಿನ, ಗೃಹಪ್ರವೇಶಕ್ಕೆ ಬಂದ ನೆಂಟರೆಲ್ಲ ಆ ಬಾಗಿಲು ನೋಡಿ ಮೂಗು ಮುರಿದರು. ಹೊಸ ಮನೆಗೆ ಹಳೆಯ ಮರವೇ ಎಂದು ನಾದಿನಿ ಅಂದದ್ದು ನನ್ನ ಕಿವಿಗೂ ಬಿತ್ತು. ನಾನು ಅತ್ತೆಯನ್ನು ಚಾವಡಿಯಲ್ಲಿ ನಡೆಸಿಕೊಂಡು ಬಂದು ಬಾಗಿಲೆದುರು ನಿಲ್ಲಿಸಿದೆ. ಅತ್ತೆ ಕೈ ಎತ್ತಿದರು. ಮರ ಸಿಕ್ಕಿತು. ಅದರ ಮೇಲಿದ್ದ ಹಳೆಯ ಗೀರನ್ನು ಬೆರಳಿನಿಂದ ಸವರಿದರು. ಆಮೇಲೆ ನನ್ನ ಮುಂಗೈ ಬಿಟ್ಟು, ಬಗ್ಗಿ, ಹೊಸ್ತಿಲು ದಾಟಿ, ಒಬ್ಬರೇ ಅಡುಗೆಮನೆಯ ಕಡೆ ನಡೆದರು.

ನನ್ನ ಕಣ್ಣು ತುಂಬಿ ಬಂತು. ಅವರ ಹಿಂದೆಯೇ ಧಾವಿಸಿದವಳ ಹಣೆ ದಾರಂದಕ್ಕೆ ಠಕ್ಕೆಂದು ಬಡಿಯಿತು.

ಒಳಗಿನಿಂದ ಅತ್ತೆ ಕೇಳಿದರು: “ಇನ್ನೂ ಕಲಿಲಿಲ್ಲವಾ ಮಾರಾಯ್ತಿ?”