ಬಸ್ಸಿನ ಎರಡನೇ ಬ್ಯಾಟರಿ ಮತ್ತು ಜರಡಿಯಮ್ಮ

ಮಗಳು ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ, ಪೇಟೆಂಟ್ ಆಫೀಸಿನಲ್ಲಿ ಕೆಲಸ ಮಾಡುವ ಈಕೆ ಬಸ್ ಡ್ರೈವರ್ ಆದ ಗಂಡನಿಗೆ ಒಂದು ಮಾತು ಕೊಟ್ಟಿದ್ದರು. ಆ ಸಂಜೆ ಡ್ಯೂಟಿ ಮುಗಿಸಿ ಬಂದ ಗಂಡ ತಟ್ಟೆಯ ಮುಂದೆ ಕೂತು ತುತ್ತು ಎತ್ತದೆ ನಡೆದದ್ದನ್ನು ಹೇಳಿದ್ದರು. ತುಂಬಿದ ಬಸ್ಸು ಇಳಿಜಾರಿನಲ್ಲಿ ಇಳಿಯುವಾಗ ಇದ್ದಕ್ಕಿದ್ದಂತೆ ಬ್ಯಾಟರಿ ಕೈಕೊಟ್ಟು, ದೀಪ ಆರಿ, ಸ್ಟೇರಿಂಗ್ ಕಲ್ಲಿನಂತೆ ಬಿಗಿದುಕೊಂಡಿತ್ತು. ಹ್ಯಾಂಡ್‌ಬ್ರೇಕ್ ಎಳೆದು, ರಸ್ತೆ ಬದಿಯ ದಿಬ್ಬಕ್ಕೆ ಒರಗಿಸಿ ಹೇಗೋ ನಿಲ್ಲಿಸಿದ್ದರು. ಯಾರಿಗೂ ಏನೂ ಆಗಲಿಲ್ಲ. ಆದರೆ ನಿಂತ ಮೇಲೂ ಬಾಗಿಲು ತೆರೆಯದೆ, ಒಳಗಿದ್ದವರು ಗಾಜು ಬಡಿದ ಸದ್ದು ಅವರ ಕಿವಿ ಬಿಟ್ಟು ಹೋಗಿರಲಿಲ್ಲ.

"ಇದಕ್ಕೊಂದು ಉಪಾಯ ಯಾರಾದ್ರೂ ಹುಡುಕೇ ಹುಡುಕ್ತಾರೆ ರೀ. ಹುಡುಕಿದ್ರೆ ಅದು ನಮ್ಮ ಆಫೀಸಿಗೇ ಬರಬೇಕು. ಬಂದ ದಿನ ಮೊದಲು ನಿಮಗೇ ಹೇಳ್ತೀನಿ, ಆಣೆಗೂ," ಎಂದಿದ್ದರು ಈಕೆ.

ಈಗ ಮಗಳು ಕಾಲೇಜಿಗೆ ಹೋಗುತ್ತಾಳೆ. ಬೆಳಕು ಸರಿಯಾಗಿ ಹರಿಯುವ ಮುನ್ನ ಹೊರಡುವ ಮೊದಲ ಬಸ್ಸಿನಲ್ಲಿ, ಡ್ರೈವರ್ ಸೀಟಿನ ಹಿಂದಿನ ಜಾಗದಲ್ಲಿ, ಚೀಲವನ್ನು ತೊಡೆಯ ಮೇಲೆ ಅವುಚಿಕೊಂಡು ಈಕೆ ಕೂತಿದ್ದಾರೆ. ಸ್ಟೇರಿಂಗ್ ಹಿಡಿದಿರುವವರು ಅದೇ ಗಂಡ. ಎದುರಿಗೆ ಬರುವುದು ಅದೇ ಇಳಿಜಾರು. ಪೇಟೆಂಟ್ ಆಫೀಸಿನಲ್ಲಿ ಈಕೆಯ ಮೇಜಿನ ಮೇಲೆ ಕೆಲವು ತಿಂಗಳಿಂದ ಒಂದು ಅರ್ಜಿ ಇದೆ: 'ವಾಹನಗಳಿಗೆ ಬದಲಿ ವಿದ್ಯುತ್ ಪೂರೈಸುವ ವ್ಯವಸ್ಥೆ'. ಮುಖ್ಯ ಬ್ಯಾಟರಿ ಸತ್ತ ಗಳಿಗೆಯಲ್ಲೇ ಎರಡನೇ ಬ್ಯಾಟರಿ ಹೆಗಲು ಕೊಟ್ಟು ಸ್ಟೇರಿಂಗ್, ಬ್ರೇಕು, ಬಾಗಿಲುಗಳನ್ನು ಮಾತ್ರ ಜೀವಂತ ಇಡುವ ಏರ್ಪಾಡು. ಇವತ್ತು ಅದರ ವಿಚಾರಣೆ. ಮೂರು ಅಡಿ ಮುಂದಿರುವ ಗಂಡನಿಗೆ ಈ ವಿಷಯ ಗೊತ್ತಿಲ್ಲ. ತೀರ್ಮಾನ ಹೊರಬೀಳುವ ತನಕ ಫೈಲಿನ ಮಾತನ್ನು ಯಾರ ಕಿವಿಗೂ ಹಾಕುವಂತಿಲ್ಲ. ಕೆಲಸಕ್ಕೆ ಸೇರುವಾಗಲೇ ಬರೆದುಕೊಟ್ಟಿರುವ ಷರತ್ತು ಅದು.

"ಏನೇ, ಬೆಳಬೆಳಗ್ಗೆ ಮುಖ ಗಂಟು ಹಾಕ್ಕೊಂಡು ಕೂತಿದ್ದೀಯ?" ಕನ್ನಡಿಯಲ್ಲೇ ನೋಡಿ ಗಂಡ ಕೇಳುತ್ತಾರೆ.

"ಏನಿಲ್ಲ. ನೀವು ರಸ್ತೆ ನೋಡಿ."

ಬಸ್ಸು ಇಳಿಜಾರಿಗೆ ತಿರುಗುತ್ತದೆ. ಈಕೆಯ ಕೈ ಮುಂದಿನ ಕಂಬಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಇಳಿದು ಸಮತಟ್ಟಾದ ಮೇಲಷ್ಟೇ ಬಿಡುತ್ತದೆ.

ಪೇಟೆಂಟ್ ಪರೀಕ್ಷಕಿ ಎಂದರೆ ಏನು ಕೆಲಸ ಎಂದು ನೆಂಟರಿಗೆ ವಿವರಿಸಿ ಸೋತು, ಈಗ ಸುಮ್ಮನೆ "ಸರ್ಕಾರಿ ಕೆಲಸ" ಎಂದುಬಿಡುತ್ತಾರೆ. ಯಾರೋ ಒಬ್ಬರು 'ಇದು ನಾನು ಕಂಡುಹಿಡಿದದ್ದು, ನನ್ನನ್ನು ಕೇಳದೆ ಬೇರೆಯವರು ಮಾಡಕೂಡದು' ಎಂದು ಅರ್ಜಿ ಹಾಕುತ್ತಾರೆ. ಅದು ನಿಜಕ್ಕೂ ಹೊಸದೇ, ಅಥವಾ ಜಗತ್ತಿನ ಯಾವುದೋ ಮೂಲೆಯಲ್ಲಿ ಯಾರಾದರೂ ಮೊದಲೇ ಮಾಡಿಟ್ಟಿದ್ದಾರೆಯೇ ಎಂದು ಜಾಲಾಡುವುದು ಈಕೆಯ ಪಾಡು. ಆಫೀಸಿನಲ್ಲಿ ಇವರನ್ನು ಕರೆಯುವುದು 'ಜರಡಿಯಮ್ಮ' ಎಂದು. ಮನೆಯಲ್ಲಿ ಮಗಳ ದೂರು ಬೇರೆ: "ಅಮ್ಮನ ಹತ್ರ ಹೊಸ ವಿಷಯ ಹೇಳೋ ಹಾಗೇ ಇಲ್ಲ. ನಾನು ಹೊಸ ಥರ ಜಡೆ ಹಾಕ್ಕೊಂಡ್ರೂ 'ಇದು ಮೊದಲೇ ಇತ್ತು' ಅಂತಾಳೆ."

ಹಳೆಯದನ್ನು ಹೊಸದೆಂದು ಬಿಟ್ಟರೆ, ಎಲ್ಲರಿಗೂ ಸೇರಿದ್ದು ಒಬ್ಬರ ಪಾಲಾಗುತ್ತದೆ. ಹೊಸದನ್ನು ಹಳೆಯದೆಂದು ತಳ್ಳಿದರೆ, ಒಬ್ಬರ ಬೆವರು ನೀರುಪಾಲು. "ಎರಡರಲ್ಲಿ ಯಾವ ತಪ್ಪು ಮಾಡಿದ್ರೂ ಯಾರೂ ಬಂದು ಬೈಯಲ್ಲ. ಅದೇ ಭಯ. ಬೈಯೋರಿದ್ರೆ ಒಂದು ಧೈರ್ಯ ಇರುತ್ತೆ," ಎನ್ನುತ್ತಾರೆ.

ಈ ಅರ್ಜಿಯಲ್ಲಂತೂ ಭಯಕ್ಕೆ ಇನ್ನೊಂದು ಕಾರಣ ಸೇರಿಕೊಂಡಿದೆ. ಇದು ಹೊಸದಾಗಿರಲಿ ಎಂದು ಒಳಮನಸ್ಸು ಹಂಬಲಿಸುತ್ತಿದೆ. "ಬೇಕು ಬೇಕು ಅನ್ನೋ ಕಣ್ಣಿಗೆ ಬೇಡದ್ದು ಕಾಣಲ್ಲ ನೋಡಿ. ಅದಕ್ಕೇ ಇದನ್ನ ಬೇರೆಯವುಗಳಿಗಿಂತ ಜಾಸ್ತಿ ಗೋಳು ಹುಯ್ಕೊಂಡೆ."

ಗೋಳು ಹುಯ್ದುಕೊಂಡದ್ದು ನಿಜ. ಅರ್ಜಿದಾರರು ಒಬ್ಬ ಗ್ಯಾರೇಜಿನವರು, ಕೆಟ್ಟು ನಿಂತ ಬಸ್ಸುಗಳನ್ನು ರಿಪೇರಿ ಮಾಡುತ್ತ ತಲೆ ನೆರೆಸಿಕೊಂಡವರು. ಅವರ ಕೋರಿಕೆಯ ಮೊದಲ ವಾಕ್ಯವೇ ಊರಗಲ: ಒಂದು ಬ್ಯಾಟರಿ ಸೋತಾಗ ಇನ್ನೊಂದು ತಾನಾಗಿ ವಹಿಸಿಕೊಳ್ಳುವ ಎಲ್ಲ ವಾಹನವೂ ತಮ್ಮದೇ ಎಂಬಂತೆ ಬೇಲಿ ಹಾಕಿದ್ದರು. ಓದಿದ ದಿನದಿಂದ ಈಕೆಗೆ ಒಂದೇ ಕಿರಿಕಿರಿ: ಇದನ್ನು ಎಲ್ಲೋ ನೋಡಿದ್ದೇನೆ. ಬಸ್ಸು, ಕಾರು, ಲಾರಿ, ರೈಲು, ದೋಣಿ ಎಂದು ವಾಹನಗಳ ವಿಭಾಗವನ್ನೆಲ್ಲ ಸೋಸಿದರೂ ಸಿಗಲಿಲ್ಲ. ಪಕ್ಕದ ಮೇಜಿನ ಸಹೋದ್ಯೋಗಿ ಕೆಣಕಿದರು: "ಜರಡಿಯಮ್ಮ, ಸಿಗದಿದ್ರೆ ಇಲ್ಲ ಅಂತ ಬರೆದು ಕೈತೊಳ್ಕೊ. ದೇವರೇ ಬಂದು ಅರ್ಜಿ ಹಾಕಿದ್ರೂ ನೀನು 'ಹಿಂದಿನ ದಾಖಲೆ ಪರಿಶೀಲನೆಯಲ್ಲಿದೆ' ಅಂತೀಯ."

ಸಿಕ್ಕಿದ್ದು ಲಿಫ್ಟಿನಲ್ಲಿ. ಒಂದು ಮಧ್ಯಾಹ್ನ ಆಫೀಸಿನ ಲಿಫ್ಟಿನಲ್ಲಿ ಮೇಲೆ ಹೋಗುವಾಗ ಕರೆಂಟು ಹೋಯಿತು. ಒಂದು ಗಳಿಗೆ ಕತ್ತಲು. ಆಮೇಲೆ ಲಿಫ್ಟು ತನ್ನ ಬ್ಯಾಟರಿಯ ಬಲದಿಂದ ಮೆಲ್ಲಗೆ ಹತ್ತಿರದ ಮಹಡಿಗೆ ಸರಿದು ಬಾಗಿಲು ತೆರೆಯಿತು. ಈಕೆ ಇಳಿಯಲೇ ಇಲ್ಲ, ಬೆಪ್ಪಾಗಿ ನಿಂತುಬಿಟ್ಟರು. "ಇಳೀರಮ್ಮ, ಬಾಗಿಲು ತೆಗೆದೈತಲ್ಲ," ಎಂದು ಕಸ ಗುಡಿಸುವಾಕೆ ಹೊರಗಿನಿಂದ ಕೂಗಿದ ಮೇಲೆ ಎಚ್ಚರ. ವಸ್ತುವಿನ ಹೆಸರು ಹಿಡಿದು ಹುಡುಕುತ್ತ, ಅದು ಮಾಡುವ ಕೆಲಸವನ್ನೇ ಮರೆತಿದ್ದರು. ಈ ಕಸುಬಿನವರು ಜಾರುವುದು ಹೆಚ್ಚಾಗಿ ಇಲ್ಲೇ. ಸಂಜೆಯ ಹೊತ್ತಿಗೆ ಲಿಫ್ಟುಗಳ ವಿಭಾಗದಲ್ಲಿ ಹಳೆಯ ದಾಖಲೆ ಕೈಗೆ ಬಂತು. ಗ್ಯಾರೇಜಿನವರ ಮೊದಲ ವಾಕ್ಯ ಅಲ್ಲಿಗೆ ನೆಲಕಚ್ಚಿತು.

"ಖುಷಿಯಾಗಬೇಕಿತ್ತು. ಆಗಲಿಲ್ಲ," ಎಂದು ನೆನೆಯುತ್ತಾರೆ. ಆಕ್ಷೇಪ ಬರೆದು ಕಳಿಸಿದರು. ಗ್ಯಾರೇಜಿನವರು ಎದುರೆದುರು ಕೂತು ಮಾತಾಡಲು ಅವಕಾಶ ಕೇಳಿದರು.

ಅದಾಗಿ ಇವತ್ತು. ಪುಟ್ಟ ಕೋಣೆ, ಉದ್ದ ಮೇಜು, ಸದ್ದು ಮಾಡುವ ಫ್ಯಾನು. ಗ್ಯಾರೇಜಿನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕುರ್ಚಿಯ ತುದಿಯಲ್ಲಿ ಕೂತಿದ್ದಾರೆ.

"ಲಿಫ್ಟು ಅಂದ್ರೆ ಒಪ್ಕೋತೀನಿ ಮೇಡಂ. ನನ್ನ ತಲೆಗೆ ಹೊಳೀಲೇ ಇಲ್ಲ," ಎಂದು ಮೊದಲ ಮಾತಿಗೇ ಕೈಚೆಲ್ಲುತ್ತಾರೆ. "ಹಾಗಾದ್ರೆ ಎದ್ದು ಹೋಗ್ಲಾ?"

ಎದ್ದು ಹೋಗಿ ಎಂದರೆ ಫೈಲು ಮುಗಿಯುತ್ತದೆ. ಆದರೆ ಈಕೆಗೆ ಒಂದು ವಿಷಯ ಚುಚ್ಚುತ್ತಿದೆ. ದಿನವೂ ಪ್ರತಿ ಬಸ್‌ಸ್ಟಾಪಿನಲ್ಲಿ, ಗಂಡನ ಬೆನ್ನ ಹಿಂದೆ ಕೂತು, ಬಾಗಿಲು 'ಬುಸ್' ಎಂದು ಮುಚ್ಚುವುದನ್ನು ಕೇಳುತ್ತ ಬಂದಿದ್ದಾರೆ. ಅರ್ಜಿಯ ಚಿತ್ರದಲ್ಲಿ ಆ ಬಾಗಿಲು ಮುಚ್ಚುವ ತಂತಿ ಮಾತ್ರ ಯಾಕೋ ಬೇರೆ ದಾರಿ ಹಿಡಿದಿದೆ.

"ಕೂತ್ಕೊಳ್ಳಿ. ಬಾಗಿಲು ಮುಚ್ಚೋದಕ್ಕೆ ಯಾವಾಗಲೂ ಎರಡನೇ ಬ್ಯಾಟರಿನೇ ಯಾಕೆ ಕೊಟ್ಟಿದ್ದೀರಿ? ಮೊದಲನೇದು ಚೆನ್ನಾಗಿರೋವಾಗಲೂ?"

ಗ್ಯಾರೇಜಿನವರು, ಇದನ್ನು ಕೇಳುತ್ತಾರೆಯೇ ಎಂಬಂತೆ ನೋಡುತ್ತಾರೆ. "ಲಿಫ್ಟಿನ ಬ್ಯಾಟರಿ ಮಲಗಿರುತ್ತೆ ಮೇಡಂ. ಕರೆಂಟು ಹೋದಾಗ ಎಬ್ಬಿಸ್ತಾರೆ. ಎಬ್ಬಿಸೋವಾಗ ಅದು ಸತ್ತಿದ್ರೆ? ನಾನು ಬಿಚ್ಚಿದ ಎಷ್ಟೋ ಗಾಡೀಲಿ ಎರಡನೇ ಬ್ಯಾಟರಿ ಯಾವತ್ತೋ ಸತ್ತಿತ್ತು, ಯಾರಿಗೂ ಗೊತ್ತೇ ಇರಲಿಲ್ಲ. ಅದಕ್ಕೇ ಅದಕ್ಕೊಂದು ದಿನದ ಕೂಲಿ ಕೊಟ್ಟೆ. ಅದು ಸತ್ರೆ ಬಾಗಿಲು ಮುಚ್ಚಲ್ಲ. ಬಾಗಿಲು ಮುಚ್ಚದೆ ಬಸ್ಸು ಹೊರಡಲ್ಲ. ಸ್ಟಾಪ್ ಸ್ಟಾಪಿಗೂ 'ಇದ್ದೀಯೇನಪ್ಪಾ' ಅಂತ ಕೇಳಿದ ಹಾಗೆ. ತೊಂದರೆ ಇಳಿಜಾರಿನಲ್ಲಿ ಗೊತ್ತಾಗಬಾರದು, ಸ್ಟಾಪಿನಲ್ಲೇ ಗೊತ್ತಾಗಬೇಕು."

ಇಳಿಜಾರು ಎಂಬ ಮಾತಿಗೆ ಈಕೆಯ ಪೆನ್ನು ನಿಲ್ಲುತ್ತದೆ. ಮುಖದಲ್ಲಿ ಏನೂ ತೋರಗೊಡುವಂತಿಲ್ಲ. "ಇದನ್ನ ನೀವು ಮೊದಲ ವಾಕ್ಯದಲ್ಲೇ ಯಾಕೆ ಬರೀಲಿಲ್ಲ?"

"ಅದು ಚಿಲ್ಲರೆ ವಿಷಯ ಅಂದ್ಕೊಂಡೆ ಮೇಡಂ."

ಅಲ್ಲಿಗೆ ನೆಮ್ಮದಿಯೇ? ಇಲ್ಲ. ಉತ್ತರ ಕೇಳಿದ ಮೇಲೆ ಯಾವ ಲೆಕ್ಕವೂ ಸುಲಭ ಎನಿಸುತ್ತದೆ. 'ಇದು ಯಾರಿಗಾದರೂ ಹೊಳೆಯುತ್ತಿತ್ತು' ಎನ್ನಲು ನಾಲಿಗೆ ತುದಿಗಾಲಲ್ಲಿರುತ್ತದೆ. ಹಾಗೆ ಯಾರಿಗಾದರೂ ಹೊಳೆಯುವಂಥದ್ದಕ್ಕೆ ಪೇಟೆಂಟ್ ಸಿಗುವುದಿಲ್ಲ. ಅವರು ಹೋದ ಮೇಲೆ ಈಕೆ ಚಿತ್ರದ ಮೇಲೆ ಬಿಳಿ ಹಾಳೆ ಮುಚ್ಚಿ, ಎರಡನೇ ಬ್ಯಾಟರಿ ಸತ್ತದ್ದು ತಿಳಿಯುವುದು ಹೇಗೆ ಎಂಬ ತೊಡಕನ್ನಷ್ಟೇ ಎದುರಿಟ್ಟುಕೊಂಡು, ತಾವೇ ಬಿಡಿಸಲು ಕೂರುತ್ತಾರೆ. ಮನಸ್ಸಿನಲ್ಲೇ ಅದರಿಂದ ದೀಪ ಉರಿಸಿ ನೋಡುತ್ತಾರೆ, ಗಂಟೆ ಬಾರಿಸಿ ನೋಡುತ್ತಾರೆ. ಬಾಗಿಲಿನ ಹತ್ತಿರಕ್ಕೂ ಬುದ್ಧಿ ಹೋಗುವುದಿಲ್ಲ. ಮತ್ತೆ ಜರಡಿ ಹಿಡಿಯುತ್ತಾರೆ: ಬಸ್ಸು, ಲಿಫ್ಟು, ಬ್ಯಾಂಕಿನ ತಿಜೋರಿ, ಆಸ್ಪತ್ರೆಯ ಬಾಗಿಲು. ಈ ಸಲ ಹೆಸರು ಹಿಡಿದಲ್ಲ, ಕೆಲಸ ಹಿಡಿದು. ದಿನಗಳು ಹೋಗುತ್ತವೆ. ಬೆಳಗಿನ ಬಸ್ಸು ಇಳಿಜಾರು ಇಳಿಯುತ್ತಲೇ ಇರುತ್ತದೆ, ಕಂಬಿಯ ಮೇಲಿನ ಬೆರಳುಗಳು ಬಿಳುಚಿಕೊಳ್ಳುತ್ತಲೇ ಇರುತ್ತವೆ. ಯಾವ ಮೂಲೆಯಲ್ಲೂ ಸಿಗುವುದಿಲ್ಲ.

ಊರಗಲದ ಬೇಲಿ ಕಿತ್ತು, ಬಾಗಿಲಿನ ಸುತ್ತ ಮಾತ್ರ ಪುಟ್ಟ ಬೇಲಿ ಹಾಕಿಸಿ, ಕೊನೆಗೆ ಒಪ್ಪಿಗೆಯ ಶಿಫಾರಸು ಬರೆಯುತ್ತಾರೆ. ಪೇಟೆಂಟ್ ಪತ್ರದಲ್ಲಿ ಗ್ಯಾರೇಜಿನವರ ಹೆಸರು ಇರುತ್ತದೆ, ಮೇಲಧಿಕಾರಿಯ ಸಹಿ ಇರುತ್ತದೆ. ಜರಡಿಯ ಹೆಸರು ಎಲ್ಲೂ ಇರುವುದಿಲ್ಲ. "ಇದ್ದಿದ್ರೆ ಇನ್ನೂ ನಿದ್ದೆ ಕೆಡ್ತಿತ್ತು," ಎಂದು ನಗುತ್ತಾರೆ. "ಈಗಲೂ ಎಲ್ಲಾದ್ರೂ ಬಾಗಿಲು ಮುಚ್ಚೋ ಸದ್ದು ಕೇಳಿದ್ರೆ ಎದೆ ಧಸಕ್ ಅನ್ನುತ್ತೆ. ಇಲ್ಲೂ ಹುಡುಕಿದ್ನಾ ಅಂತ."

ಒಪ್ಪಿಗೆ ಪ್ರಕಟವಾಗುವ ದಿನ ಮನೆಯಲ್ಲಿ ಹೇಳಬೇಕೆಂದು ಈಕೆ ಮಾತು ಜೋಡಿಸಿಕೊಂಡಿರುತ್ತಾರೆ. ಆದರೆ ಬಾಗಿಲು ತೆರೆಯುವಷ್ಟರಲ್ಲಿ ಗಂಡನೇ ಚಪ್ಪಲಿ ಕೂಡ ಬಿಡದೆ ಶುರುಮಾಡುತ್ತಾರೆ. "ಕೇಳಿದ್ಯೇನೇ? ಡಿಪೋದಲ್ಲೆಲ್ಲ ಇವತ್ತು ಅದೇ ಮಾತು. ನಮ್ಮ ಬಸ್ಸು ರಿಪೇರಿ ಮಾಡ್ತಿದ್ದ ಯಾರೋ ಗ್ಯಾರೇಜಿನೋರಂತೆ..." ಎರಡು ಲೋಟ ತಂದಿಟ್ಟು, ಇದು ಮೊದಲನೇ ಬ್ಯಾಟರಿ, ಇದು ಎರಡನೇದು ಎಂದು ವಿವರಿಸುತ್ತಾರೆ. ಬಾಗಿಲಿನ ಭಾಗಕ್ಕೆ ಬಂದಾಗ ಎರಡನೇ ಲೋಟವನ್ನು ಮೇಲೆತ್ತಿ ತೋರಿಸುತ್ತಾರೆ. ಆ ಖುಷಿಯನ್ನು ಕಿತ್ತುಕೊಳ್ಳಲು ಈಕೆಗೆ ಮನಸ್ಸಾಗುವುದಿಲ್ಲ.

"ಹೌದಾ?" ಎನ್ನುತ್ತಾರೆ, ಮೊದಲ ಸಲ ಕೇಳುವವರ ಹಾಗೆ.

ಮಗಳು ಪುಸ್ತಕದಿಂದ ತಲೆ ಎತ್ತುತ್ತಾಳೆ. "ಅಪ್ಪಾ, ಅಮ್ಮ 'ಇದು ಮೊದಲೇ ಇತ್ತು' ಅನ್ನಲೇ ಇಲ್ಲ!"

"ಇರಲಿಲ್ಲ ಕಣೇ," ಎನ್ನುತ್ತಾರೆ ಈಕೆ. "ಇದು ಹೊಸದು."

ಮೊದಲು ನಿಮಗೇ ಹೇಳ್ತೀನಿ ಎಂದಿದ್ದರು. ಹೇಳಲಿಲ್ಲ.