ತೋರಿಸದ ತೇಪೆ

ಆ ಕಾರಿನಲ್ಲಿ ಇದ್ದದ್ದು ಎರಡೇ ಸೀಟು. ಅದು ಕಬ್ಬಿನ ಗದ್ದೆಗೆ ನುಗ್ಗಿದ ದಿನ ಒಂದರಲ್ಲಿ ಡಾಕ್ಟರಮ್ಮ ಕೂತಿದ್ದರು, ಇನ್ನೊಂದರಲ್ಲಿ ನಾನಿದ್ದೆ. ಅವರ ಕಾಲು ಯಾವ ಪೆಡಲಿನ ಮೇಲಿತ್ತು ಎಂದು ಕಂಡವನು ನಾನೊಬ್ಬನೇ. ಕಾಣಲಿಲ್ಲ ಎಂದು ಹೇಳಿದವನೂ ನಾನೇ. ಅದನ್ನು ನಡೆದ ಹಾಗೆ, ಏನನ್ನೂ ಬಿಡದೆ ಬರೆಯಲು ನೋಡುತ್ತೇನೆ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಮದ್ದೂರಿನಲ್ಲಿ ರಸ್ತೆಯ ಪಕ್ಕಕ್ಕೆ ನನ್ನದೊಂದು ತಗಡಿನ ಷೆಡ್ಡು ಇತ್ತು. ಬಸ್ಸು, ಲಾರಿ, ಆಗೊಂದು ಈಗೊಂದು ಕಾರು ರಿಪೇರಿಗೆ ಬರುತ್ತಿದ್ದವು. ಊರವರು ನನ್ನನ್ನು ಫಿಟ್ಟರು ಎಂದು ಕರೆಯುತ್ತಿದ್ದರು. ಆದರೆ ನನ್ನ ಮನೆಯ ಕಸುಬು ಅದಲ್ಲ. ಅಪ್ಪ ಆಲೆಮನೆಗಳ ಕೊಪ್ಪರಿಗೆ ರಿಪೇರಿ ಮಾಡುತ್ತಿದ್ದರು. ಕಬ್ಬಿನ ಹಾಲು ಕಾಯಿಸುವ ಆ ದೊಡ್ಡ ಕಬ್ಬಿಣದ ಪಾತ್ರೆಗಳ ತಳ ಬೆಂಕಿಗೆ ಸವೆದು ಅಲ್ಲಲ್ಲಿ ಸೂಜಿ ಮೊನೆಯಷ್ಟು ತೂತು ಬೀಳುತ್ತಿತ್ತು. ಅಪ್ಪ ಸುಣ್ಣ, ಬೆಲ್ಲ, ಇಟ್ಟಿಗೆ ಪುಡಿ ಸೇರಿಸಿ ನುಣ್ಣಗೆ ಅರೆದು, ತೂತಿಗೆ ಒತ್ತಿ, ಮೇಲೆ ಮಸಿ ಬಳಿಯುತ್ತಿದ್ದರು. ಮೊದಲ ಪಾಕದ ಬೆಂಕಿಗೆ ಅದು ಕಲ್ಲಿನ ಹಾಗಾಗುತ್ತಿತ್ತು. ನಮ್ಮ ಮನೆಯಲ್ಲಿ ಅದಕ್ಕೆ ಮದ್ದು ಎನ್ನುತ್ತಿದ್ದೆವು.

ತೇಪೆ ಎಲ್ಲಿದೆ ಎಂದು ಕೊಪ್ಪರಿಗೆಯ ಯಜಮಾನನಿಗೆ ಅಪ್ಪ ಒಂದು ದಿನವೂ ತೋರಿಸಿದವರಲ್ಲ. ಕೇಳಿದರೆ, "ಸರಿ ಅದೆ, ಒಲೆ ಮ್ಯಾಲೆ ಇಡಿ" ಎಂದಷ್ಟೇ ಹೇಳಿ ಎದ್ದುಬಿಡುತ್ತಿದ್ದರು. ಯಾಕೆ ತೋರಿಸಬಾರದು ಎಂದು ನಾನು ಕೇಳಿದ್ದೆ. "ತೋರುಸ್ಬುಟ್ರೆ ಓಗೋರು ಬರೋರೆಲ್ಲ ಕಡ್ಡಿ ತಕಂಡು ಅಲ್ಲೇ ಚುಚ್ತಾರೆ ಕಣ್ಲಾ. ಒಂದ್ ಪಾಕ ಸುಮ್ಕಿದ್ರೆ ಅದೇ ಗಟ್ಟಿಯಾಯ್ತದೆ" ಎಂದಿದ್ದರು. ಅವರ ಕೆಲಸದಲ್ಲಿ ಅದು ನಿಜವೇ ಆಗಿತ್ತು. ಅವರು ಹಾಕಿದ ತೇಪೆ ಬಿಟ್ಟದ್ದನ್ನು ನಾನು ನೋಡಿಲ್ಲ.

ಡಾಕ್ಟರಮ್ಮ ಮಳವಳ್ಳಿಯಲ್ಲಿ ಹೆರಿಗೆ ನೋಡುತ್ತಿದ್ದವರು. ನಲವತ್ತರ ಆಸುಪಾಸು, ಮೈಸೂರಿನ ಕಡೆಯವರು. ಯುದ್ಧಕ್ಕೆ ಹೊರಟ ಒಬ್ಬ ತೋಟದ ದೊರೆ ಮಾರಿ ಹೋದ ಕಾರನ್ನು ಕೊಂಡಿದ್ದರು. ಪಂದ್ಯ ಓಡಿಸಲೆಂದು ಮಾಡಿದ ಜಾತಿ ಅದು. ನೆಲಕ್ಕೆ ತಗ್ಗಿದ ಮೈ, ಉದ್ದನೆಯ ಮೂತಿ, ಬಟ್ಟೆಯ ಮುಚ್ಚಿಗೆ, ಕಡು ಹಸಿರು ಬಣ್ಣ. ಪಂದ್ಯದ ಕಾರು ನಿಮಗ್ಯಾಕೆ ಎಂದು ಯಾರೋ ಕೇಳಿದ್ದಕ್ಕೆ ಅವರು, "ಪೆಟ್ರೋಲು ಕಮ್ಮಿ ಕುಡಿಯುತ್ತೆ, ಹೆರಿಗೆ ನೋವು ನನಗೋಸ್ಕರ ಕಾಯೋದಿಲ್ಲ" ಎಂದಿದ್ದರಂತೆ. ಡಾಕ್ಟರುಗಳಿಗೆ ಪೆಟ್ರೋಲು ಚೀಟಿ ಸ್ವಲ್ಪ ಹೆಚ್ಚು ಸಿಗುತ್ತಿದ್ದ ಕಾಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಬ್ಬರೇ ಓಡಿಸಿಕೊಂಡು ಪೂರಿಗಾಲಿಯವರೆಗೂ ಹೋಗಿ ಬರುತ್ತಿದ್ದರು.

ಕಾರು ನನ್ನ ಷೆಡ್ಡಿಗೆ ಬಂದಾಗ ಹಿಂದಿನ ಎರಡೂ ಚಕ್ರಗಳ ಒಳಗಿಂದ ಎಣ್ಣೆ ಸೋರುತ್ತಿತ್ತು. ಅದರ ಬ್ರೇಕು ಎಣ್ಣೆಯ ಬ್ರೇಕು. ಪೆಡಲು ತುಳಿದರೆ ಸಣ್ಣ ಉಕ್ಕಿನ ಕೊಳವೆಗಳೊಳಗಿನ ಎಣ್ಣೆ ಒತ್ತಿಕೊಂಡು ಹೋಗಿ ನಾಲ್ಕೂ ಚಕ್ರಗಳನ್ನು ಹಿಡಿಯುತ್ತದೆ. ಒಂದು ಕಡೆ ಬಿಟ್ಟರೆ ನಾಲ್ಕಕ್ಕೂ ಇಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆಯುವ ಹಾಗಿಲ್ಲ.

ಕೆಲಸದ ಹೆಚ್ಚಿನ ಪಾಲನ್ನು ನಾನು ಸರಿಯಾಗಿಯೇ ಮಾಡಿದೆ. ಚಕ್ರದೊಳಗಿನ ರಬ್ಬರುಗಳನ್ನು ಬೆಂಗಳೂರಿಂದ ತರಿಸಿ ಹಾಕಿದೆ. ಬ್ರೇಕಿನ ಎಣ್ಣೆ ಎಲ್ಲೂ ಸಿಗುತ್ತಿರಲಿಲ್ಲ. ಸೋಸಿದ ಹರಳೆಣ್ಣೆಗೆ ಮಂಡ್ಯದಿಂದ ತಂದ ಸ್ಪಿರಿಟ್ಟು ಬೆರೆಸಿದೆ. ಆಗ ಎಲ್ಲರೂ ಮಾಡುತ್ತಿದ್ದದ್ದೇ ಅದು, ಕೆಟ್ಟದ್ದೇನಲ್ಲ. ಮಡ್‌ಗಾರ್ಡುಗಳ ತುಕ್ಕನ್ನು ಸೀಮೆಎಣ್ಣೆ ಹಾಕಿ ಉಜ್ಜಿದೆ. ಕಾಲಿಡುವ ತಗಡು ಬೆರಳು ತೂರುವಷ್ಟು ತಿಂದುಹೋಗಿತ್ತು. ಸೀಮೆಎಣ್ಣೆ ಡಬ್ಬ ಕತ್ತರಿಸಿ ರಿವೆಟ್ಟು ಹೊಡೆದೆ. ನಾಲ್ಕು ದಿನ ಮಂಡಿಯೂರಿ ಬಣ್ಣ ಬಳಿದೆ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಆ ಸಂತೋಷ ಸ್ವಲ್ಪ ತಲೆಗೆ ಏರಿತ್ತು.

ಕೊನೆಯಲ್ಲಿ, ಕಾರಿನ ಅಡಿ ಮಲಗಿ ಕಬ್ಬಿನ ರಸ್ತೆಯ ಹಳೆಯ ಕೆಸರನ್ನು ಕೆರೆಯುತ್ತಿದ್ದಾಗ, ಹಿಂದಿನ ಚಕ್ರಗಳಿಗೆ ಹೋಗುವ ಕೊಳವೆ ಕಂಡಿತು. ಒಂದು ಗೇಣು ಉದ್ದಕ್ಕೆ ತುಕ್ಕು ಹಿಡಿದು ತೊಗಟೆಯ ಹಾಗೆ ಎದ್ದಿತ್ತು. ಉಗುರಿನಿಂದ ಕೆರೆದೆ. ತೊಗಟೆ ಉದುರಿ ಒಂದು ಹನಿ ಎಣ್ಣೆ ಮೂಡಿತು. ಒರೆಸಿದೆ. ಮತ್ತೆ ಮೂಡಿತು.

ಕೊಳವೆಯನ್ನು ಬಿಚ್ಚಿ ಹೊಸದು ಹಾಕಬೇಕಿತ್ತು. ಬಿಚ್ಚಲು ಹೋದರೆ ತುಕ್ಕು ತಿಂದ ನಟ್ಟುಗಳು ಒಡೆಯುತ್ತವೆ ಎಂದು ಹೆದರಿದೆ. ಯುದ್ಧದ ಕಾಲದಲ್ಲಿ ಹೊಸ ಕೊಳವೆ ಎಲ್ಲಿ ಸಿಗುತ್ತದೆ ಎಂದುಕೊಂಡೆ. ಡಾಕ್ಟರಮ್ಮನಿಗೆ ಶುಕ್ರವಾರ ಕೊಡುತ್ತೇನೆ ಎಂದಿದ್ದೆ, ಅಂದು ಬುಧವಾರ. ಮನೆಗೆ ಹೋಗಿ ಸುಣ್ಣ, ಬೆಲ್ಲ, ಇಟ್ಟಿಗೆ ಪುಡಿ ಅರೆದೆ. ತೂತಿಗೆ ಒತ್ತಿ, ಮೇಲೆ ಬಟ್ಟೆಯ ಪಟ್ಟಿ ಸುತ್ತಿ, ದಾರ ಬಿಗಿದು, ಕರಿ ಬಣ್ಣ ಹಚ್ಚಿದೆ. ಮಾರನೆಯ ದಿನ ಪೆಡಲನ್ನು ಮೂರು ಸಲ ತುಳಿದು ನೋಡಿದೆ. ನಿಂತಿತ್ತು. ಮೆಲ್ಲಗೆ ತುಳಿದಿದ್ದೆ. ಕೊಪ್ಪರಿಗೆಯ ತೇಪೆಯ ಮೇಲೆ ಬೀಳುವುದು ಹಾಲಿನ ಭಾರ ಮಾತ್ರ, ಅದನ್ನು ಗಟ್ಟಿ ಮಾಡುವುದು ಬೆಂಕಿ. ಇಲ್ಲಿ ಬೆಂಕಿಯೂ ಇರಲಿಲ್ಲ, ಬೀಳುವುದು ಹೆದರಿದ ಮನುಷ್ಯನ ಕಾಲಿನ ಒತ್ತು. ಅಷ್ಟು ಯೋಚಿಸುವ ತಲೆ ನನಗಿತ್ತು, ಯೋಚಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ಡಾಕ್ಟರಮ್ಮ ಬಸ್ಸಿನಿಂದ ಇಳಿದು ಬರುವ ಹೊತ್ತಿಗೆ ಕಾರಿನ ಅಡಿ, ಮಣ್ಣಿನ ಮೇಲೆ, ಹುಣಸೆ ಬೀಜದಷ್ಟು ಅಗಲದ ಒಂದು ಎಣ್ಣೆ ಕಲೆ ಇತ್ತು. ನಾನು ಅದನ್ನು ನೋಡಿದೆ. ಬಲಗಾಲಿನಿಂದ ಮಣ್ಣು ಎಳೆದು ಮುಚ್ಚಿದೆ.

ಅವರು ಕಾರನ್ನು ಸುತ್ತು ಹಾಕಿ ಮಡ್‌ಗಾರ್ಡಿನ ಮೇಲೆ ಕೈಯಾಡಿಸಿದರು. "ಏನಪ್ಪಾ, ಮದುವೆ ಹೆಣ್ಣಿನ ಹಾಗೆ ಮಾಡಿಬಿಟ್ಟಿದೀಯಲ್ಲ! ಬ್ರೇಕು?"

"ಸರಿ ಅದೆ ಅಮ್ಮಾವ್ರೆ" ಎಂದೆ. ಅಪ್ಪನ ಮಾತು ಅದೇ ದನಿಯಲ್ಲಿ ಬಾಯಿಗೆ ಬಂತು.

ದಾರಿಯಲ್ಲಿ ಏನಾದರೂ ಸದ್ದು ಬಂದರೆ ಕೇಳಲೆಂದು ನಾನೂ ಹತ್ತಿದೆ. ಮಳವಳ್ಳಿಗೆ ಒಂದೆರಡು ಮೈಲಿ ಇರುವಾಗ ರಸ್ತೆ ನಾಲೆಯ ಸೇತುವೆಯ ಕಡೆಗೆ ಇಳಿಯುತ್ತದೆ. ಸೇತುವೆಯ ಮೇಲೆ ಕಬ್ಬು ತುಂಬಿದ ಎತ್ತಿನ ಗಾಡಿ ಅಡ್ಡಕ್ಕೆ ತಿರುಗುತ್ತಿತ್ತು. ಅವರು ಬ್ರೇಕು ತುಳಿದರು. ನಾನು ಅವರ ಪಾದವನ್ನೇ ನೋಡುತ್ತಿದ್ದೆ, ಏಕೆಂದರೆ ನನ್ನ ಮನಸ್ಸು ಅಲ್ಲೇ ಇತ್ತು. ಪೆಡಲು ಅರ್ಧಕ್ಕೆ ನಿಂತಿತು, ಆಮೇಲೆ ತಗಡಿನವರೆಗೂ ಕುಸಿಯಿತು. ಕಾಲೆತ್ತಿ ಮತ್ತೆ ತುಳಿದರು. ಮತ್ತೆ ಕುಸಿಯಿತು. ಕೈಬ್ರೇಕು ಎಳೆದರು. ವೇಗ ಸ್ವಲ್ಪ ಇಳಿಯಿತು. ಗಾಡಿಗೆ ಹತ್ತು ಮಾರು ಇರುವಾಗ ಎಡಕ್ಕೆ ತಿರುಗಿಸಿ ಗದ್ದೆಗೆ ಇಳಿಸಿದರು. ಮಾಡಬೇಕಾದ್ದನ್ನೆಲ್ಲ, ಮಾಡಬೇಕಾದ ಕ್ರಮದಲ್ಲೇ ಮಾಡಿದರು. ನಾನಾಗಿದ್ದರೆ ಗಾಡಿಗೆ ಗುದ್ದುತ್ತಿದ್ದೆ.

ಸದ್ದು ನಿಂತಾಗ ಅವರು ಎಡ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದು ಕೂತಿದ್ದರು. ಅದು ಮುರಿದಿತ್ತು, ಅವರಿಗೇ ಮೊದಲು ಗೊತ್ತಾಯಿತು. ನನಗೆ ಮೊಣಕೈ ತರಚಿದ್ದಷ್ಟೇ. ಗಾಡಿಯವನು ಕಬ್ಬು ಸರಿಸಿಕೊಂಡು ಓಡಿ ಬಂದ. ಕಳೆ ಕೀಳುತ್ತಿದ್ದ ಆಳುಗಳೂ ಬಂದರು.

"ಯೆಂಗ್ಸು ಕೈಗೆ ಇದ ಯಾವನ್ಲಾ ಕೊಟ್ಟೋನು?" ಎಂದ ಗಾಡಿಯವನು. "ಬ್ರೇಕು ಅಂತ ಇನ್ನೊಂದ ತುಳುದ್ಬುಟ್ಟವ್ಳೆ ಕಣ್ಲಾ!"

"ಸುಮ್ಕಿರ್ಲಾ, ಡಾಕ್ಟ್ರಮ್ಮ ಅದು" ಎಂದಳು ಒಬ್ಬಳು.

"ಡಾಕ್ಟ್ರಾದ್ರೇನು, ಎತ್ಗೆ ಗೊತ್ತಾಯ್ತದಾ?"

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ಮುಖ ಬಿಳಿಚಿತ್ತು. "ನಾನು ಯಾವುದು ತುಳಿದೆ? ನೀನು ನೋಡಿದೆಯೇನಪ್ಪಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ನಾ ನೋಡ್ನಿಲ್ಲ ಅಮ್ಮಾವ್ರೆ. ರಸ್ತೆ ನೋಡ್ತಿದ್ದೆ."

"ಬ್ರೇಕು ಸರಿ ಇತ್ತಲ್ವಾ?"

"ಸರಿ ಇತ್ತು."

ಅವರು ತಲೆಯಾಡಿಸಿದರು. ನನ್ನ ಮಾತನ್ನು ನಂಬಿದರು.

ಎತ್ತು ಕಟ್ಟಿ ಕಾರನ್ನು ಷೆಡ್ಡಿಗೆ ಎಳೆಸಿದೆ. ಬಾಗಿಲು ಮುಚ್ಚಿಕೊಂಡು ಅಡಿಗೆ ತೂರಿ ಮೊದಲು ಆ ಕೊಳವೆ ಬಿಚ್ಚಿದೆ. ಒಡೆಯುತ್ತವೆ ಎಂದು ಹೆದರಿದ್ದ ನಟ್ಟುಗಳು ಒಡೆಯಲಿಲ್ಲ. ಸಿಗುವುದಿಲ್ಲ ಎಂದುಕೊಂಡಿದ್ದ ಕೊಳವೆಯೂ, ತಾಮ್ರದ್ದು, ಮೈಸೂರಿನ ಹಳೆ ಸಾಮಾನಿನ ಅಂಗಡಿಯಲ್ಲಿ ಅರ್ಧ ದಿನದಲ್ಲಿ ಸಿಕ್ಕಿತು.

ಎರಡು ತಿಂಗಳ ಮೇಲೆ ಕಾರನ್ನು ಮಳವಳ್ಳಿಗೆ ತಲುಪಿಸಿದೆ. ಡಾಕ್ಟರಮ್ಮನ ಕೈಗೆ ಇನ್ನೂ ಪಟ್ಟಿ ಇತ್ತು. ಅವರು ಕಾರಿನ ಬಾಗಿಲು ತೆಗೆದರು, ಒಳಗೆ ಕೂರಲಿಲ್ಲ. "ಅಲ್ಲಿ ಮರದ ಕೆಳಗೆ ನಿಲ್ಲಿಸಪ್ಪಾ. ನನ್ನ ಕಾಲಿನ ಮೇಲೆ ನನಗೇ ನಂಬಿಕೆ ಹೋಗಿದೆ" ಎಂದರು. ಆಮೇಲೆ ಅವರು ಎತ್ತಿನ ಗಾಡಿಯಲ್ಲಿ ಹೋಗತೊಡಗಿದರು. ಪೂರಿಗಾಲಿಗೆ ಅರ್ಧ ದಿನ ಹಿಡಿಯುತ್ತಿತ್ತು. ಕರೆಯಲು ಬಂದವರು ಹೊರಗೆ ನಿಂತ ಕಾರನ್ನೂ ಅವರನ್ನೂ ನೋಡಿ, ಏನೂ ಕೇಳದೆ ಗಾಡಿ ಹೂಡುತ್ತಿದ್ದರು ಎಂದು ಕೇಳಿದೆ.

ಒಂದು ವರ್ಷ ಕಳೆಯಿತು. ಅವರು ಕಾರು ಮಾರುತ್ತಾರೆ ಎಂಬ ಸುದ್ದಿ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. ಹಳೆಯ ಕೊಳವೆಯ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಮಳವಳ್ಳಿಯ ಬಸ್ಸು ಹತ್ತಿದೆ. ಅವರು ಆಸ್ಪತ್ರೆಯ ಜಗಲಿಯಲ್ಲಿ ಒಬ್ಬರೇ ಸಿಕ್ಕರು. ತುಂಡನ್ನು ಮೇಜಿನ ಮೇಲಿಟ್ಟು, ಬುಧವಾರದಿಂದ ಶುಕ್ರವಾರದವರೆಗಿನದನ್ನು ಹೇಳಿದೆ. ಮಣ್ಣು ಎಳೆದು ಮುಚ್ಚಿದ್ದನ್ನೂ ಹೇಳಿದೆ.

ಅವರು ಉಗುರಿನಿಂದ ಪಟ್ಟಿ ಬಿಡಿಸಿದರು. "ಇದೇನು, ಸುಣ್ಣವಾ?"

"ಸುಣ್ಣ, ಬೆಲ್ಲ."

"ಬೆಲ್ಲ!" ಎಂದರು. ಒಂದು ಚೂರು ಕೆರೆದು ಬೆರಳುಗಳ ನಡುವೆ ಪುಡಿ ಮಾಡಿದರು. "ಎರಡು ಸಲ ತುಳಿದೆ, ಅಲ್ವಾ?"

"ಎರಡ್ ಸಲ. ಆಮ್ಯಾಲೆ ಕೈಬ್ರೇಕು ಎಳುದ್ರಿ."

"ಒಂದು ವರ್ಷದಿಂದ ಕುರ್ಚಿ ಮೇಲೆ ಕೂತಾಗಲೂ ಕಾಲು ಒತ್ತಿ ಒತ್ತಿ ನೋಡ್ಕೋತಿದೀನಿ, ಯಾವುದು ತುಳಿದೆ ಅಂತ." ಅವರ ದನಿ ಏರಲಿಲ್ಲ. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು. "ನನಗೆ ಹೇಳಿದ್ದಾಯ್ತು. ಬಸ್ಸು ನಿಲ್ಲೋ ಹತ್ರ ಕಟ್ಟೆ ಮೇಲೆ ಕೂತಿರ್ತಾರಲ್ಲ, ಅವರಿಗೂ ಹೇಳು. ಊರೆಲ್ಲ ಮಾತು ಹರಡಿದ್ದು ಅಲ್ಲಿಂದಲೇ. ಅವರು ನಿನ್ನ ಬಾಯಲ್ಲಿ ಕೇಳಿದರೆ ನಾನು ಕಾರು ಮಾರೋದಿಲ್ಲ." ತುಂಡನ್ನು ನನ್ನ ಕೈಗೆ ವಾಪಸು ಕೊಟ್ಟರು. "ಇದು ಬೇಕಾಗುತ್ತೆ, ತಗೊಂಡು ಹೋಗು."

"ಯೋಳ್ತೀನಿ ಅಮ್ಮಾವ್ರೆ" ಎಂದೆ. ಹೇಳಬೇಕೆಂದೇ ಹೊರಟೆ.

ಕಟ್ಟೆ ಅಲ್ಲಿಂದ ನೂರು ಹೆಜ್ಜೆ. ನಾಲ್ಕೈದು ಜನ ಕೂತಿದ್ದರು, ಆ ಗಾಡಿಯವನೂ ಇದ್ದ. ನಾನು ಬಾಯಿ ತೆರೆಯುವ ಮೊದಲೇ ಅವನು ಕೂಗಿದ: "ಏನ್ಲಾ ಫಿಟ್ಟರಪ್ಪ, ಅಮ್ಮಾವ್ರು ತಿರ್ಗಾ ಕಾರು ಓಡುಸ್ತಾರಾ? ಮೊದ್ಲೇ ಯೋಳ್ಬುಡು, ನಮ್ ಕಬ್ಬ ಕಡ್ಕಬುಡ್ತೀವಿ!"

"ಅವತ್ತು ಕಬ್ಬುಗೆ ಎರ್ಗೆ ಮಾಡ್ಸಕ್ಕೆ ಓಗಿದ್ರು ಕಣ್ಲಾ" ಎಂದ ಇನ್ನೊಬ್ಬ. ಎಲ್ಲರೂ ನಕ್ಕರು.

ನನ್ನ ಕೈ ಜೇಬಿನಲ್ಲಿ, ಕೊಳವೆಯ ಮೇಲೆ ಇತ್ತು. ಹೊರಗೆ ತೆಗೆದರೆ ಇವರಲ್ಲಿ ಯಾರೂ ಇನ್ನು ನನ್ನ ಷೆಡ್ಡಿಗೆ ಒಂದು ಗಾಡಿಯನ್ನೂ ಕಳಿಸುವುದಿಲ್ಲ ಎಂಬುದು ಹೊಳೆಯಿತು. ನಿಜ ಹೇಳಬೇಕೆಂದರೆ ಅದಕ್ಕಿಂತ ಮೊದಲು ಹೊಳೆದದ್ದು, ಈ ನಗು ನನ್ನ ಕಡೆ ತಿರುಗುತ್ತದೆ ಎಂಬುದು.

"ಓಡ್ಸಲ್ಲ ಬುಡ್ಲಾ" ಎಂದೆ. "ಮಾರ್ತಾವ್ರೆ."

ಹೇಳಿ ನಾನೂ ನಕ್ಕೆ. ಅವರ ಜೊತೆ ಸೇರಿಕೊಂಡು, ಸದ್ದು ಮಾಡಿಯೇ ನಕ್ಕೆ.

ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತು ಆಸ್ಪತ್ರೆಯ ಕಡೆ ನೋಡಿದೆ. ಡಾಕ್ಟರಮ್ಮ ಜಗಲಿಯ ಕಂಬದ ಹತ್ತಿರ ನಿಂತು ಕಟ್ಟೆಯ ಕಡೆಗೇ ನೋಡುತ್ತಿದ್ದರು. ಅಷ್ಟು ದೂರಕ್ಕೆ ಮಾತು ಕೇಳುವುದಿಲ್ಲ. ನಗು ಕೇಳುತ್ತದೆ.