ಉಡಿಗೆ ಸೆರಗಿಲ್ಲದ ಗೌನ್

ಆ ಗೌನನ್ನು ನಾನು ಮೊದಲು ನೋಡಿದ್ದು ಮೊಮ್ಮಗಳ ಫೋನಿನಲ್ಲಿ. ಹೊರದೇಶದ ಫಿಲ್ಮ್ ಫೆಸ್ಟಿವಲ್ಲೊಂದರ ರೆಡ್ ಕಾರ್ಪೆಟ್ ಮೇಲೆ ನಮ್ಮ ಹಿಂದಿ ನಟಿಯೊಬ್ಬಳು ನಿಂತಿದ್ದಳು. ಮಾವಿನೆಲೆಯ ಹಸಿರು, ಒಂದು ಭುಜ ಬರಿದು, ಹಿಂದೆ ಬಾಲದಂತೆ ನೆಲದ ಮೇಲೆ ಎರಡು ಮಾರು ಹರಡಿದ ಬಟ್ಟೆ, ಅದಕ್ಕೆ ಟ್ರೇನ್ ಅನ್ನುತ್ತಾರೆ. ಸಿಂಪ್ಲಿ ಎಲಿಗಂಟ್. ತಿಂಗಳೊಳಗೆ ನಮ್ಮ ಕೇಶ್ವಾಪುರದ ಅಂಗಡಿಗಳ ಗಾಜಿನ ಹಿಂದಿನ ಗೊಂಬೆಗಳೆಲ್ಲ ಅದೇ ಹಸಿರು ತೊಟ್ಟವು. ಬೇಕರಿಯಲ್ಲಿ ಬರ್ತ್‌ಡೇ ಕೇಕಿನ ಗೊಂಬೆಗೂ ಹಸಿರು ಕ್ರೀಮಿನ ಟ್ರೇನ್ ಬಂತು.

ಮೊಮ್ಮಗಳು ತನ್ನ ನಿಶ್ಚಯಕ್ಕೆ ಅದೇ ಬೇಕೆಂದಳು. ಸೊಸೆ ಒಪ್ಪಲಿಲ್ಲ, ಒಪ್ಪಿಸಿದವಳು ನಾನು. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನಮಗೆ ನೀಡಲ್‌ವರ್ಕ್ ಕಲಿಸುತ್ತಿದ್ದರು. ಶಾಲೆಯ ನಾಟಕದ ರಾಣಿಗಾಗಿ ಹಳೆಯ ಪರದೆಯಿಂದ ಗೌನ್ ಹೊಲಿದದ್ದು ನಾನು. ತೊಟ್ಟದ್ದು ನನಗಿಂತ ಎತ್ತರವಿದ್ದ ಇನ್ನೊಬ್ಬಳು. ಆಮೇಲೆ ನಾನು ಉಟ್ಟದ್ದೆಲ್ಲ ಇಳಕಲ್ ಸೀರೆ. ಅದರ ಮೇಲೆ ನನ್ನ ದೂರೇನೂ ಇಲ್ಲ.

ನಿಶ್ಚಯದ ಹಿಂದಿನ ದಿನ ಮುಂಜಾನೆ ಟೇಲರ್ ಗೌನ್ ತಂದ. ಮೊಮ್ಮಗಳು ತೊಟ್ಟು ಕನ್ನಡಿಯ ಮುಂದೆ ನಿಂತಿದ್ದಾಗಲೇ ಹುಡುಗನ ತಾಯಿಯ ಫೋನ್ ಬಂತು.

"ನಮ್ಮ ಅತ್ತಿಯವರು ಉಪ್ಪಿನಬೆಟಗೇರಿಯಿಂದ ಬರಾಕತ್ತಾರ್ರಿ. ಮೊದಲನೇ ಉಡಿ ತಾವ ತುಂಬ್ತಾರಂತ."

ಸೊಸೆ ಫೋನ್ ಇಟ್ಟು ಮಗಳನ್ನು ಮೇಲಿನಿಂದ ಕೆಳಗೆ ನೋಡಿದಳು. ಉಡಿ ತುಂಬುವಾಗ ಸೆರಗನ್ನು ಎರಡೂ ಕೈಯಿಂದ ಮುಂದೆ ಚಾಚಿದರೆ ಅದರಲ್ಲಿ ಅಕ್ಕಿ, ತೆಂಗಿನಕಾಯಿ, ರವಿಕೆಯ ಖಣ ಹಾಕುತ್ತಾರೆ. ಈ ಗೌನಿಗೆ ಸೆರಗೆಲ್ಲಿದೆ? ನಮ್ಮಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ.

"ಎದಿ, ನಡಾ, ಉದ್ದ, ಎಲ್ಲಾ ಅಳತಿ ತಗೊಂಡೇನ್ರಿ ಅಮ್ಮಾರ," ಎಂದ ಟೇಲರ್. "ಉಡಿದು ಯಾರೂ ಹೇಳಲಿಲ್ಲರಿ."

"ಟ್ರೇನ್ ಐತಲ್ಲ ಮಮ್ಮಿ. ಅದನ್ನ ಮುಂದ ತಗೊಂಡು ಹಿಡಿತೇನಿ."

"ನೆಲಾ ಬಳಿದ ಬಟ್ಟ್ಯಾಗ ಅಕ್ಕಿ ಹಾಕಿಸ್ಕೋತಿಯೇನ? ಆ ಮುದುಕಿ ಎದ್ದು ಹೊಂಟ್ರ ನಿಮ್ಮಪ್ಪ ಏನ್ ಮಾರಿ ತೋರಸ್ಬೇಕು? ಸುಮ್ನ ಸೀರಿ ಉಡು."

ಮೊಮ್ಮಗಳು ಒಳಗೆ ಹೋಗಿ ಬಟ್ಟೆ ಬದಲಿಸಿ ಬಂದಳು. ಗೌನನ್ನು ಮಡಿಚತೊಡಗಿದಳು. ಆ ಮಡಿಚುವಿಕೆ ನನಗೆ ಗೊತ್ತು. ನಾಟಕ ಮುಗಿದ ಮೇಲೆ ರಾಣಿಯ ಗೌನನ್ನು ನಾನೇ ಹಾಗೆ ಮಡಿಚಿ ಬೀರುವಿನಲ್ಲಿಟ್ಟಿದ್ದೆ.

"ಟ್ರೇನ್ ಕತ್ತರಿಸು," ಎಂದೆ ಟೇಲರ್‌ಗೆ. "ಅದನ್ನ ಸೆರಗಿನಂಗ ನೆರಿಗಿ ಹಿಡಿದು ಭುಜಕ್ಕ ಕೂಡಿಸು. ಮುಂದ ಮೊಣಕಾಲ ತನಕಾ ಬರ್ಲಿ."

"ಟ್ರೇನ್ ಹೋದ್ರ ಅದು ಆ ಗೌನ ಹೆಂಗಾಗ್ತೈತಿ ಅಜ್ಜಿ?"

"ಆಗೂದಿಲ್ಲ. ಏನ್ ಮಾಡ್ತಿ ಹೇಳು. ಸೀರಿಯೋ, ಕತ್ತರಿಯೋ?"

ಅವಳು ಸ್ವಲ್ಪ ಹೊತ್ತು ಫೋನಿನ ಫೋಟೋ ನೋಡಿದಳು. ಆಮೇಲೆ ಕತ್ತರಿಯನ್ನು ತಾನೇ ತಂದುಕೊಟ್ಟಳು. ಟೇಲರ್ ಕತ್ತರಿಸಿದ, ನೆರಿಗೆ ಹಿಡಿದ. ಭುಜದ ಹೊಲಿಗೆ ಮಾತ್ರ ನಾನು ಮಷಿನ್ನಿಗೆ ಬಿಡದೆ ಕೈಯಲ್ಲೇ ಎರಡು ಸಾಲು ಗಟ್ಟಿ ಬ್ಯಾಕ್‌ಸ್ಟಿಚ್ ಹಾಕಿದೆ.

ಮರುದಿನ ಹುಡುಗನ ಅಜ್ಜಿ ಐದು ಬೊಗಸೆ ಅಕ್ಕಿ ಹಾಕಿದರು. ತೆಂಗಿನಕಾಯಿ ಬಿದ್ದಾಗ ಭುಜದ ಬಟ್ಟೆ ಒಮ್ಮೆ ಜಗ್ಗಿತು. ನನ್ನ ಜೀವವೂ ಜಗ್ಗಿತು. ಹೊಲಿಗೆ ತಡೆಯಿತು. ಅಜ್ಜಿ ಆ ಸೆರಗನ್ನು ಬೆರಳಿನಿಂದ ತಿಕ್ಕಿ ನೋಡಿದರು.

"ಭಾಳ ನುಣ್ಣಗೈತಲ್ಲ. ಯಾ ಊರ ಸೀರಿವಾ ಇದು?"

"ಕೇಶ್ವಾಪುರದ್ದರಿ ಅಜ್ಜಿ," ಎಂದಳು ಮೊಮ್ಮಗಳು.

"ಛಲೋ ಐತಿ," ಎಂದು ಅವರು ಇನ್ನೊಂದು ಬೊಗಸೆ ಹಾಕಿದರು.

ಎರಡು ತಿಂಗಳ ಮೇಲೆ ಆ ಟೇಲರ್ ಅಂಗಡಿಯ ಮುಂದೆ ಹಾಯ್ದೆ. ಗಾಜಿನೊಳಗಿನ ಗೊಂಬೆಯ ಹಸಿರು ಗೌನಿಗೆ ಟ್ರೇನ್ ಇರಲಿಲ್ಲ, ಭುಜದಿಂದ ಸೆರಗು ಇಳಿದಿತ್ತು. ಗೊಂಬೆ ಹೆಚ್ಚುಕಡಿಮೆ ನನ್ನಷ್ಟೇ ಎತ್ತರ. ಒಳಗೆ ಹೋಗಿ ಭುಜ ಮುಟ್ಟಿ ನೋಡಿದೆ. ಬರೀ ಮಷಿನ್ ಹೊಲಿಗೆ.

"ಇದು ತೆಂಗಿನಕಾಯಿ ತಡಿಯೂದಿಲ್ಲಪಾ."

"ಹಂಗಾರ ನೀವ ಒಂದು ಸಾಲು ಹೊಲಿಗಿ ಹಾಕಿ ತೋರಸ್ರಿ ಅಮ್ಮಾರ," ಎಂದು ಅವನು ಸ್ಟೂಲ್ ಸರಿಸಿದ.

ಚೀಲದಿಂದ ಕನ್ನಡಕ ತೆಗೆದೆ.